ಸಿದ್ದವ್ವನ ಒಂದೂವರೆ ತಿಂಗಳು

ಸಿದ್ದವ್ವನಿಗೆ ಶಾಲು ಹೊದಿಸಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು. ಇಳಕಲ್ಲಿನ ನಮ್ಮ ಮಹಿಳಾ ಸಂಘದವರು ಮಹಿಳಾ ದಿನಾಚರಣೆಗೆ ಪ್ರತಿ ವರ್ಷ ಒಬ್ಬ ಹೆಣ್ಣುಮಗಳನ್ನು ಕರೆದು ಸತ್ಕರಿಸುತ್ತಾರೆ. ಆ ವರ್ಷ ‘ಆದರ್ಶ ಸೊಸೆ’ ಎಂದು ನಮ್ಮ ಓಣಿಯ ಸಿದ್ದವ್ವನ ಹೆಸರು ನಿಶ್ಚಯವಾಯಿತು. ಹೆಸರು ಸೂಚಿಸಿದವಳೂ ನಾನೇ. ಲಕ್ವಾ ಹೊಡೆದು ಮಲಗಿದ್ದ ಅತ್ತೆಯನ್ನು ಅವಳು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿರಲಿಲ್ಲ. ವೇದಿಕೆ ಹತ್ತುವಾಗ ಎಡಗಡೆಯ ಮೆಟ್ಟಿಲು ಎಡವಿ ಮುಗ್ಗರಿಸಿದಳು. ನಾನು ಮೈಕಿನಲ್ಲಿ, ‘ನೋಡ್ರಿ, ಮನಿ ಬಿಟ್ಟು ಹೊರಗ ಬಂದು ರೂಢಿ ಇಲ್ಲ ಈಕಿಗೆ’ ಎಂದೆ. ಸಭೆ ನಕ್ಕಿತು. ಸಿದ್ದವ್ವನೂ ನಕ್ಕಳು. ಆ ಮೆಟ್ಟಿಲು ಅವಳಿಗೆ ಕಂಡೇ ಇರಲಿಲ್ಲ ಎಂದು ನನಗೆ ತಿಳಿದದ್ದು ಐದು ವಾರ ಕಳೆದ ಮೇಲೆ.

ಸಿದ್ದವ್ವನ ತವರು ಹುನಗುಂದ. ಹತ್ತೊಂಬತ್ತರಲ್ಲಿ ಮದುವೆಯಾಗಿ ಇಳಕಲ್ಲಿಗೆ ಬಂದಳು. ಗಂಡ ವಿಜಯಮಹಾಂತೇಶ ಸರಕಾರಿ ಬಸ್ಸಿನ ಕಂಡಕ್ಟರ್. ಎರಡು ದಿನ ರೂಟಿನಲ್ಲಿ, ಒಂದು ದಿನ ಮನೆಯಲ್ಲಿ. ಒಬ್ಬಳೇ ಮಗಳು ಶೀಲಾಳನ್ನು ಲಿಂಗಸೂರಿಗೆ ಕೊಟ್ಟಿದ್ದಾರೆ. ಅತ್ತೆ ನೀಲಗಂಗವ್ವ ಗಂಡ ತೀರಿದ ಮೇಲೆ ನೇಕಾರಿಕೆಯಿಂದಲೇ ಇಬ್ಬರು ಮಕ್ಕಳನ್ನು ಬೆಳೆಸಿದವಳು. ನಮ್ಮ ಇಳಕಲ್ ಸೀರೆಯಲ್ಲಿ ಒಡಲಿಗೆ ಹಾಸುವ ಉದ್ದೆಳೆ ಬೇರೆ, ಸೆರಗಿನದು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ನೀಲಗಂಗವ್ವ ಕೊಂಡಿ ಹಾಕಿದ ಸೀರೆಯಲ್ಲಿ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಹತ್ತಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಸೊಸೆಗೆ ಆ ಕೆಲಸ ಕಲಿಸಿದ್ದು ಅವಳೇ. ‘ಕಣ್ಣಿಲೆ ನೋಡಬ್ಯಾಡ, ಕಣ್ಣು ಮೋಸ ಮಾಡತಾವು. ಬೆರಳಿಗೆ ಕೇಳು’ ಎನ್ನುತ್ತಿದ್ದಳಂತೆ. ಸಿದ್ದವ್ವ ಹಾಗೆಯೇ ಕಲಿತಳು. ಹಾಗೆ ಕಲಿತದ್ದರಿಂದಲೇ ಅವಳ ಕಣ್ಣು ಹೋಗುತ್ತಿರುವುದು ಅವಳಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ಅತ್ತೆಗೆ ಬಿದ್ದುಹೋದದ್ದು ಬಲ ಮಗ್ಗುಲು. ಮಾತು ನಾಲ್ಕೇ ಉಳಿದಿದ್ದವು: ಹೂಂ, ಒಲ್ಲೆ, ಶಿವಾ, ಸಿದ್ದಿ. ಆದರೆ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟುವವಳಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿಯಬಲ್ಲಳು. ಬಲಗೈಯಿಂದ ಮಾಡಬೇಕಾದದ್ದನ್ನೆಲ್ಲ ಸಿದ್ದವ್ವ ಮಾಡುತ್ತಿದ್ದಳು. ಬೆಳಗ್ಗೆ ಅತ್ತೆಯನ್ನು ಎತ್ತಿ ಕೂಡಿಸಿ, ಮೈ ತೊಳೆದು, ಬೆನ್ನಿಗೆ ತನ್ನ ಎದೆ ಆನಿಸಿ ಕುಳಿತು, ಹಿಂದಿನಿಂದ ಕೈ ಚಾಚಿ ಲಿಂಗಕ್ಕೆ ನೀರು, ವಿಭೂತಿ, ಒಂದು ಹೂವು. ಆಮೇಲೆ ಅದೇ ವಿಭೂತಿ ಅತ್ತೆಯ ಹಣೆಗೆ. ನೋಡಿದವರಿಗೆ ಒಬ್ಬಳೇ ಹೆಂಗಸು ಕುಳಿತು ಪೂಜೆ ಮಾಡಿಕೊಂಡ ಹಾಗೆ ಕಾಣುತ್ತಿತ್ತು. ನಾನು ಸಭೆಯಲ್ಲಿ ಇದನ್ನೂ ವರ್ಣಿಸಿದ್ದೆ.

ಏಪ್ರಿಲ್‌ನಲ್ಲಿ ಒಂದು ದಿನ ಹನ್ನೊಂದು ಗಂಟೆಯ ಸುಮಾರಿಗೆ ಸಿದ್ದವ್ವನ ಮನೆಗೆ ಪಕ್ಕದ ಮನೆಯ ಫರಹಾನಾ ಚಹಾಕ್ಕೆ ಬಂದಿದ್ದಳು. ಬಜಾರದ ಚಶ್ಮಾದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ ಅವಳು. ಸಿದ್ದವ್ವ ಬಗ್ಗಿಸಿದ ಚಹಾ ಕಪ್ಪಿನ ಎಡಕ್ಕೆ, ನೆಲಕ್ಕೆ ಹೋಯಿತು. ಹಿಂದಿನ ದೀಪಾವಳಿಯಲ್ಲಿ ಸೀರೆಯ ಸಾಹುಕಾರರು ಸಿದ್ದವ್ವ ಕೊಂಡಿ ಹಾಕಿದ ಒಂದು ಸೀರೆ ತಿರುಗಿ ಕಳಿಸಿದ್ದು ಫರಹಾನಾಳಿಗೆ ನೆನಪಾಯಿತು: ಕೊಂಡಿಯಲ್ಲಿ ಎಡ ಅಂಚಿನ ಹದಿನಾರು ಕುಣಿಕೆ ತಪ್ಪಿ ಕಿಂಡಿ ಬಿದ್ದಿತ್ತು.

‘ಸಿದ್ದಕ್ಕ, ಬಲಗಣ್ಣು ಮುಚ್ಚಿ ನನ್ನ ಮುಖಾ ನೋಡು.’

‘ನಿನ್ನ ಮುಖದಾಗ ಹೊಸಾದೇನೈತಿ?’

‘ಮುಚ್ಚು ಅಂದ್ರ ಮುಚ್ಚು.’

ಸಿದ್ದವ್ವ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ‘ಬಾಗಲಾ ಯಾಕ ಹಾಕಿದಿ?’ ಎಂದಳು.

ಬಾಗಿಲು ತೆರೆದೇ ಇತ್ತು. ಬಿಸಿಲು ಹೊರಸಿನ ಮಂಚದವರೆಗೂ ಬಂದಿತ್ತು.

ಫರಹಾನಾ ಆ ವಾರವೇ ಅವಳನ್ನು ಬಾಗಲಕೋಟೆಗೆ, ನವನಗರದ ಒಂದು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಮರಳಿದರು. ಅಷ್ಟು ಹೊತ್ತು ಅತ್ತೆಯ ಹತ್ತಿರ ಫರಹಾನಾಳ ತಾಯಿ ಶಹರಬಾನು ಕುಳಿತಿದ್ದಳು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುವ ರೋಗ ಅದು, ಗ್ಲಾಕೋಮಾ. ನೋಯುವುದಿಲ್ಲ. ನೋಟವನ್ನು ಅಂಚಿನಿಂದ ಒಳಗೊಳಗೆ ತಿನ್ನುತ್ತ ಬರುತ್ತದೆ. ನಡುವಿನದು ಕೊನೆಗೆ ಹೋಗುತ್ತದೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಡಾಕ್ಟರು ಜಮಖಂಡಿ ಕಡೆಯ ಹೆಣ್ಣುಮಗಳು, ಮಾತು ನೇರ.

‘ಹೋದದ್ದು ಬರೂದಿಲ್ಲ. ಇದ್ದದ್ದು ಉಳಿಸಬಹುದು. ಮೇ ತಿಂಗಳದಾಗ ಆಪರೇಶನ್ ಮಾಡೋಣು. ಆಮ್ಯಾಲ ಒಂದೂವರಿ ತಿಂಗಳ ಬಾಗೂದು, ಭಾರ ಎತ್ತೂದು ಬಂದ್.’

‘ಎಷ್ಟು ಭಾರ ರೀ?’

‘ತುಂಬಿದ ಕೊಡಾ ಸಹಿತ ಎತ್ತಂಗಿಲ್ಲ.’

‘ಕೊಡಾ ನಮ್ಮ ಮನಿಯವರು ಎತ್ತತಾರ. ನಮ್ಮತ್ತಿ?’

‘ಅತ್ತಿ ಎಷ್ಟು ತೂಕ ಅದಾರ?’

‘ನನಕಿಂತಾ ಹೆಚ್ಚು ಅದಾರ್ರಿ’ ಎಂದಳಂತೆ ಸಿದ್ದವ್ವ. ‘ಚಲೋ ಉಣಸ್ತೇನಿ.’

ಬೇಕಾದದ್ದು ಇಷ್ಟೇ: ಒಂದೂವರೆ ತಿಂಗಳು ನೀಲಗಂಗವ್ವನನ್ನು ಬೇರೆ ಯಾರಾದರೂ ಎತ್ತಬೇಕು. ಅದರ ಮಾತುಕತೆಗೆ ಕೆರೂರಿನಿಂದ ನಾದಿನಿ ಸುನಂದಾ ಬಂದಳು. ಅವಳ ಗಂಡನದು ಭಾಂಡೆ ಪಾತ್ರೆಯ ಅಂಗಡಿ, ಮನೆ ದೊಡ್ಡದು, ಕೆಟ್ಟ ಹೆಂಗಸಲ್ಲ. ಓಣಿಯ ಹಿರಿಯಳೆಂದು ನನ್ನನ್ನೂ ಕರೆದಿದ್ದರು.

‘ನೀ ಅವ್ವನ್ನ ಕರಕೊಂಡು ಹೋಗು’ ಎಂದ ವಿಜಯಮಹಾಂತೇಶ. ‘ಡಿಪೋದಾಗ ನನಗ ಅಷ್ಟು ರಜಾ ಕೊಡಂಗಿಲ್ಲ.’

‘ಕೊಟ್ರ ನೀ ಏನು ಅವ್ವಗ ಎರೀತಿದ್ದೇನಣ್ಣಾ?’

‘ಗಂಡಮಗಾ ಎರಿಯೂದು ಎಲ್ಲಿ ನೋಡೀದಿ?’

‘ನಾ ಒಲ್ಲೆ ಅಂತ ಅನ್ನಾಕತ್ತಿಲ್ಲ. ಕೆರೂರಾಗ ಏನರ ಹೆಚ್ಚು ಕಡಿಮಿ ಆತಂದ್ರ? ಗಂಡಮಗಾ ಇದ್ದೂ ಮಗಳ ಮನ್ಯಾಗ ಜೀವಾ ಬಿಟ್ಲು ಅಂತಾರ. ಆ ಮಾತು ನಿನ್ನ ಮ್ಯಾಲೇ ಬರತೈತಿ, ನನ್ನ ಮ್ಯಾಲ ಅಲ್ಲ.’

ಹೊರಸಿನಿಂದ ನೀಲಗಂಗವ್ವ, ‘ಒಲ್ಲೆ’ ಎಂದಳು. ಸ್ಪಷ್ಟವಾಗಿಯೇ ಅಂದಳು.

ತಾಯಿ ಮಗಳ ಮನೆಯಲ್ಲಿ ಕಣ್ಣು ಮುಚ್ಚಬಾರದು, ಮಗನು ತಾಯಿಯ ಮೈ ತೊಳೆಯಬಾರದು. ಎರಡು ಪದವಿ ಪಡೆದ ನಾನು ಅಲ್ಲಿ ಕುಳಿತು ಎರಡಕ್ಕೂ ತಲೆಯಾಡಿಸಿದೆ. ಸಂಬಳ ಕೊಟ್ಟು ಒಬ್ಬಳನ್ನು ಇಟ್ಟುಕೊಳ್ಳಿರೆಂದು ಸಲಹೆ ಕೊಟ್ಟೆ. ಸಲಹೆ ಕೊಡುವುದರಲ್ಲಿ ನನಗೆ ನಲವತ್ತು ವರ್ಷದ ಅನುಭವವಿದೆ. ಕೊನೆಗೆ ಸುನಂದಾಳೇ ಇಳಕಲ್ಲಿಗೆ ಬಂದು ಇರುವುದೆಂದಾಯಿತು. ಮೊದಲು ಹದಿನೈದು ದಿನ, ಮುಂದಿನದು ಮುಂದೆ.

ಮೇ ತಿಂಗಳಲ್ಲಿ ಸುನಂದಾ ಬಂದಳು. ಒತ್ತಡ ಇಳಿಸಿದ ಮೇಲೆಯೇ ಆಪರೇಶನ್ ಎಂದು ಸಿದ್ದವ್ವನನ್ನು ಮೂರು ದಿನ ಮೊದಲೇ ದವಾಖಾನೆಗೆ ಸೇರಿಸಿಕೊಂಡರು. ಜೊತೆಗೆ ಫರಹಾನಾ ಇದ್ದಳು. ಹೊರಡುವ ಮುನ್ನ ಸಿದ್ದವ್ವ ನಾದಿನಿಗೆ ಎಲ್ಲವನ್ನೂ ತೋರಿಸಿಕೊಟ್ಟಿದ್ದಳು: ಮಾತ್ರೆ, ಗಂಜಿ, ಬೆನ್ನಿಗೆ ಹಾಕುವ ಪುಡಿ, ಪೂಜೆ. ಅತ್ತೆಗೆ ಮಾತ್ರ ತಾನು ಎಲ್ಲಿಗೆ ಹೋಗುತ್ತೇನೆ, ಯಾಕೆ ಹೋಗುತ್ತೇನೆ ಎಂದು ಹೇಳಿರಲಿಲ್ಲ. ಮುದುಕಿ ಹೆದರುತ್ತಾಳೆ ಎಂದು ಯಾರೂ ಅವಳ ಮುಂದೆ ಕಣ್ಣಿನ ರೋಗದ ಮಾತೇ ಆಡಿರಲಿಲ್ಲ. ಸುನಂದಾಳ ಕೂಡ ಆದ ಮಾತಿನಲ್ಲಿಯೂ ‘ಸಿದ್ದವ್ವಗ ಬಾಗಲಕೋಟಿಗೆ ಹೋಗೂದೈತಿ’ ಎಂದಷ್ಟೇ ಬಂದಿತ್ತು. ನಾಲ್ಕು ಮಾತು ಉಳಿದವಳಿಗೆ ತಿಳಿವಳಿಕೆಯೂ ಅಷ್ಟೇ ಉಳಿದಿದೆ ಎಂದು ನಾವೆಲ್ಲ ಎಣಿಸಿದ್ದೆವು. ನಮ್ಮ ತಪ್ಪು ಅಲ್ಲಿಯೇ ಇತ್ತು.

ಸಿದ್ದವ್ವ ಹೋದ ದಿನದಿಂದ ನೀಲಗಂಗವ್ವ ಗಂಜಿಗೆ ಬಾಯಿ ತೆರೆಯಲಿಲ್ಲ. ಪೂಜೆಗೆ ಕೂಡಿಸಿದರೆ ಎಡಗೈ ಮುಷ್ಟಿ ಬಿಚ್ಚಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸುನಂದಾ ಫೋನು ಮಾಡಿದಳು.

‘ವೈನಿ, ಅವ್ವ ಮೂರು ದಿನಾ ಆತು ಬಾಯಿ ಬಿಚ್ಚವಲ್ಲಳು. ನೀರು ಹಾಕಿದ್ರ ಹೊರಗ ಬರಾಕತ್ತಾವು.’

‘ನಾಳಿಗೆ ಆಪರೇಶನ್ ಐತಿ ಸುನಂದಾ. ಒಂದು ದಿನಾ ತಡಿ. ಬೆನ್ನ ಹಿಂದ ಕುಂತು ಮಾಡಿಸು, ಮುಂದ ಕುಂದರಬ್ಯಾಡ.’

‘ಎಲ್ಲಾ ಮಾಡಿ ನೋಡೇನಿ. ಶಾಲು ಹೊದ್ದಕೊಂಡಾಕಿ ನೀ, ನಾ ಅಲ್ಲ. ಆಕಿಗೆ ಏನರ ಆತಂದ್ರ ಊರು ನಿನ್ನ ಕೇಳತೈತಿ.’

ಫರಹಾನಾ ಬಾಗಿಲಿಗೆ ಅಡ್ಡ ನಿಂತಳಂತೆ. ‘ಸಿದ್ದಕ್ಕ, ಒಂದ ರಾತ್ರಿ. ಮುಂಜಾನಿ ಮುಗೀತೈತಿ. ಸಲಾಯಿನ್ ಹಚ್ಚಸೂಣು ಅವ್ವಗ, ನಾ ಇಲ್ಲಿಂದ ಫೋನ್ ಮಾಡ್ತೇನಿ.’ ಸಿದ್ದವ್ವ ಅರಿವೆ ಚೀಲಕ್ಕೆ ತುರುಕಿ, ‘ಮುಂದಿನ ತಿಂಗಳ ಬರೂಣಂತ’ ಎಂದು ನಾಲ್ಕರ ಬಸ್ಸು ಹಿಡಿದಳು.

ಆ ಸಂಜೆ ನಾನು ಅವರ ಮನೆಯಲ್ಲಿದ್ದೆ. ಸಿದ್ದವ್ವ ಚಪ್ಪಲಿ ಕಳೆದು, ಕೈಕಾಲು ತೊಳೆದು, ಅತ್ತೆಯ ಬೆನ್ನ ಹಿಂದೆ ಕುಳಿತಳು. ಮುಷ್ಟಿ ಬಿಚ್ಚಿತು. ಪೂಜೆ ಮುಗಿಯುತ್ತಲೇ ಮುದುಕಿ ದೊಡ್ಡ ವಾಟಗದ ತುಂಬ ಗಂಜಿ ಕುಡಿದಳು. ‘ಪುಣ್ಯಾ ಕಟಗೊಂಡಿ ಸಿದ್ದವ್ವಾ’ ಎಂದೆ ನಾನು. ಬಾಯಿ ತಪ್ಪಿ ಅಂದದ್ದಲ್ಲ, ಮನಸಾರೆ ಅಂದೆ. ಸುನಂದಾ ಮರುದಿನ ಕೆರೂರಿಗೆ ಹೋದಳು.

ಮುಂದಿನ ತಿಂಗಳು ಬರಲಿಲ್ಲ. ಹದಿನಾಲ್ಕು ತಿಂಗಳು ಕಳೆದವು. ಕಣ್ಣಿಗೆ ಹಾಕಿಕೊಳ್ಳಲು ಎರಡು ಹೊತ್ತಿನ ಹನಿ ಔಷಧಿ ಕೊಟ್ಟಿದ್ದರು. ಅತ್ತೆಯ ಮಾತ್ರೆಗಳಿಗೆ ಮೊಬೈಲಿನಲ್ಲಿ ದಿನಕ್ಕೆ ಐದು ಸಲ ಗಂಟೆ ಹೊಡೆಯುತ್ತಿತ್ತು; ತನ್ನ ಹನಿಗೆ ಸಿದ್ದವ್ವ ಗಂಟೆ ಇಟ್ಟುಕೊಂಡಿರಲಿಲ್ಲ. ಬೆಳಗಿನ ಹನಿ ಕೆಲಸಕ್ಕೆ ಹೋಗುವ ಮುಂಚೆ ಫರಹಾನಾ ಬಂದು ಹಾಕುತ್ತಿದ್ದಳು. ಸಂಜೆಯದು ಸಿದ್ದವ್ವ ತಾನೇ ಹಾಕಿಕೊಂಡರೆ ಹಾಕಿಕೊಂಡಳು, ಇಲ್ಲದಿದ್ದರೆ ಇಲ್ಲ. ‘ಹಾಕಿದಿಯಾ?’ ಎಂದು ನಾನು ದಾರಿಯಲ್ಲಿ ನಿಂತು ಕೇಳುತ್ತಿದ್ದೆ. ‘ಹಾಕ್ಕೊಂಡೇನ್ರಿ ಅಕ್ಕಾರ’ ಎನ್ನುತ್ತಿದ್ದಳು. ಕೇಳಿದ್ದಕ್ಕೆ ನನಗೂ ಸಮಾಧಾನವಾಗುತ್ತಿತ್ತು. ಆ ಹದಿನಾಲ್ಕು ತಿಂಗಳಲ್ಲಿ ನಾನು ಒಂದು ಮಧ್ಯಾಹ್ನವಾದರೂ ಅವರ ಮನೆಗೆ ಹೋಗಿ, ‘ನಾ ಇಲ್ಲಿ ಕೂಡ್ತೇನಿ, ನೀ ಮಲಕೋ’ ಎಂದು ಹೇಳಿದ್ದಿಲ್ಲ.

ಕೊಂಡಿಯ ಕೆಲಸ ತಾನಾಗಿಯೇ ನಿಂತಿತು. ಕುಣಿಕೆ ಬೆರಳಿಗೆ ಸಿಗುತ್ತಿತ್ತು. ತಪ್ಪಿದ್ದು ಎಲ್ಲಿ ಎಂದು ಹುಡುಕಲು ಕಣ್ಣು ಸಾಲದಾಯಿತು.

ಎರಡನೆಯ ವರ್ಷದ ಶ್ರಾವಣ. ಒಂದು ಬೆಳಗ್ಗೆ ಪೂಜೆ ಮುಗಿಸಿ ಸಿದ್ದವ್ವ ಎದುರಿಗೆ ಬಂದು ಅತ್ತೆಯ ಹಣೆಗೆ ವಿಭೂತಿ ಹಚ್ಚಲು ಹೋದಳು. ಮೂರು ಬೆರಳು ಹಣೆಯ ಬದಲು ಮೂಗಿನ ಮೇಲೆ, ತೆರೆದ ಕಣ್ಣಿನ ಮೇಲೆ ಎಳೆದವು. ಅತ್ತೆ ಕೂಗಲಿಲ್ಲ. ಎಡಗೈಯಿಂದ ಸೊಸೆಯ ಬೆರಳು ಹಿಡಿದು ಮೇಲೆ ಸರಿಸಿ, ತನ್ನ ಹಣೆಗೆ ತಂದು ಇಟ್ಟುಕೊಂಡಳು. ಆಮೇಲೆ ಅದೇ ಕೈಯನ್ನು ಸಿದ್ದವ್ವನ ಮುಖದ ಮುಂದೆ ಅತ್ತಿತ್ತ ಆಡಿಸಿದಳು. ಕೈಯ ನೆರಳು ಬಂದು ಹೋದದ್ದಷ್ಟೇ ಸಿದ್ದವ್ವನಿಗೆ ತಿಳಿಯಿತು.

‘ಯಾಕತ್ತಿ?’

ನೀಲಗಂಗವ್ವ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

‘ಕೆ... ಕೆರೂರ’ ಎಂದಳು.

ಹತ್ತು ವರ್ಷದಲ್ಲಿ ಆ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ. ಸಿದ್ದವ್ವ, ‘ಸುನಂದಾನ್ನ ಕರಸೂಣೇನು?’ ಎಂದು ಕೇಳಿದಳು. ‘ಒಲ್ಲೆ. ಕೆರೂರ’ ಎಂದು ಮುದುಕಿ ತನ್ನ ಎದೆಗೆ ಕೈ ಬಡಿದು ಬಾಗಿಲು ತೋರಿಸಿದಳು. ಅಂದಿನಿಂದ ಪೂಜೆಗೆ ಮಗ ಕೂಡಿಸಿದರೂ ಮುಷ್ಟಿ ಬಿಚ್ಚಿದಳು, ಶಹರಬಾನು ಉಣಿಸಿದರೂ ಉಂಡಳು. ಒಂದು ಮಾತು ಮೊದಲೇ ಹೇಳಿದ್ದರೆ ಅವಳು ಆವತ್ತೂ ಉಣ್ಣುತ್ತಿದ್ದಳೋ ಏನೋ. ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಉತ್ತರ ಬೇಡವಾದ್ದರಿಂದ ಮುಂದೆ ಹೋಗುವುದಿಲ್ಲ.

ನಾಲ್ಕನೆಯ ದಿನ ಒಂದು ಗಾಡಿ ಮಾಡಿ ಅವಳನ್ನು ಕೆರೂರಿಗೆ ಕರೆದೊಯ್ದರು. ಗಾಡಿ ಹತ್ತಿಸುವಾಗ ಸಿದ್ದವ್ವನೇ ಎತ್ತಲು ಹೋದಳು. ಅತ್ತೆ, ‘ಸಿದ್ದಿ, ಒಲ್ಲೆ’ ಎಂದು ಅವಳ ಕೈ ಸರಿಸಿದಳು. ಮಗನೇ ಎತ್ತಿದ.

ಬಾಗಲಕೋಟೆಯ ಡಾಕ್ಟರು ಈ ಸಲ ಕಣ್ಣನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಬಲಗಣ್ಣಿನಲ್ಲಿ ಈಗ ಉಳಿದದ್ದು ಮಗ್ಗದ ಲಾಳಿಯೊಳಗಿನ ನೂಲಿನ ಕೊಳವೆಗೆ ಕಣ್ಣು ಹಚ್ಚಿ ನೋಡಿದಷ್ಟು. ಅದನ್ನಾದರೂ ಹಿಡಿದು ನಿಲ್ಲಿಸಲು ನೋಡೋಣವೆಂದು ಆಪರೇಶನ್ ಮಾಡಿದರು. ಬಾಗಬೇಡ, ಎತ್ತಬೇಡ, ಅಳಬೇಡ ಎಂದು ಹೇಳಿ ಕಳಿಸಿದರು. ಸಿದ್ದವ್ವನಿಗೆ ಬೇಕಾಗಿದ್ದ ಒಂದೂವರೆ ತಿಂಗಳು ಆಗ ಶುರುವಾಯಿತು.

ಹತ್ತೊಂಬತ್ತನೆಯ ದಿನ ಕೆರೂರಿನಲ್ಲಿ ನೀಲಗಂಗವ್ವ ತೀರಿಕೊಂಡಳು. ಎರಡು ದಿನ ಜ್ವರ ಬಂದಿತ್ತು. ಮಗಳು ಚೆನ್ನಾಗಿಯೇ ನೋಡಿಕೊಂಡಿದ್ದಳು. ವಯಸ್ಸೂ ಎಂಬತ್ತು ದಾಟಿತ್ತು. ಹೆಣವನ್ನು ಇಳಕಲ್ಲಿಗೆ ತಂದು, ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿದರು. ಅಂಗಳದಲ್ಲಿ ಹೆಂಗಸರು ಕುಳಿತಿದ್ದರು. ನನ್ನ ಹಿಂದೆ ಒಬ್ಬಳು ಇನ್ನೊಬ್ಬಳಿಗೆ ಹೇಳಿದ ಮಾತು ಕೇಳಿಸಿತು.

‘ಶಾಲು ಹೊದ್ದಕೊಂಡಾಕಿ ನೋಡು. ಅತ್ತಿನ್ನ ಸಾಯಾಕ ಮಗಳ ಮನಿಗೆ ಕಳಿಸಿದ್ಲು.’

‘ಕಡೀಕ ಬ್ಯಾಸರಾತೇನೋ.’

ನಾನು ತಿರುಗಿ, ಇಬ್ಬರ ಹೆಸರು ಹಿಡಿದು ಗದರಿಸಿದೆ. ಆದರೆ ಸಿದ್ದವ್ವನಿಗೆ ಕಣ್ಣು ಹೋದಷ್ಟೂ ಕಿವಿ ಚುರುಕಾಗಿತ್ತು. ನನಗೆ ಕೇಳಿಸಿದ್ದು ಅವಳಿಗೆ ಕೇಳಿಸದೆ ಇರಲಿಲ್ಲ.

ಸಿದ್ದವ್ವ ವಿಭೂತಿ ಹಚ್ಚಲು ಎದ್ದಳು. ‘ಬಾಗಬ್ಯಾಡ ಸಿದ್ದಕ್ಕ, ಕುಂತು ಹಚ್ಚು’ ಎಂದು ಫರಹಾನಾ ರಟ್ಟೆ ಹಿಡಿದಳು. ಸಿದ್ದವ್ವ ಕೈ ಬಿಡಿಸಿಕೊಂಡು ಬಾಗಿ ಪಾದ ಮುಟ್ಟಿದಳು. ಆಮೇಲೆ ಹಣೆ ಹುಡುಕಿದಳು. ಬೆರಳು ಭುಜಕ್ಕೆ, ಗಲ್ಲಕ್ಕೆ, ತುಟಿಗೆ ಹೋದವು. ತಪ್ಪಿದ ಬೆರಳನ್ನು ಹಿಡಿದು ಹಣೆಗೆ ತಂದು ಇಡಲು ಈ ಸಲ ಎಡಗೈ ಏಳಲಿಲ್ಲ. ಅಂಗಳದಲ್ಲಿ ಇದ್ದ ನಾವು ಮೂವತ್ತು ಜನ ನೋಡುತ್ತಿದ್ದೆವು. ಯಾರೂ ಏಳಲಿಲ್ಲ. ಕೊನೆಗೆ ಹಣೆ ಅವಳಿಗೇ ಸಿಕ್ಕಿತು.

ಬಾಗಿದ್ದರಿಂದ ಕಣ್ಣಿಗೆ ಕೇಡಾಗಲಿಲ್ಲ ಎಂದು ಡಾಕ್ಟರು ಮುಂದೆ ಹೇಳಿದರು. ಕೇಡು ಆಗುವುದೆಲ್ಲ ಆ ಹದಿನಾಲ್ಕು ತಿಂಗಳಲ್ಲಿಯೇ ಆಗಿಹೋಗಿತ್ತು. ಕೊಳವೆಯಷ್ಟಿದ್ದ ನೋಟವೂ ಕಳೆದ ಚಳಿಗಾಲದಲ್ಲಿ ಮಂಜಾಯಿತು. ಈಗ ಬೆಳಕು ಕತ್ತಲೆ ಗೊತ್ತಾಗುತ್ತದೆ. ಸಿದ್ದವ್ವನಿಗೆ ಐವತ್ತೆರಡು ವರ್ಷ. ವಿಜಯಮಹಾಂತೇಶ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದಾನೆ; ಹೆಂಡತಿಯ ತಲೆಗೆ ಎಣ್ಣೆ ಹಚ್ಚಿ, ಎರೆದು, ಹೆರಳು ಹಾಕುತ್ತಾನೆ. ಗಂಡಸಿಗೆ ಬರುವ ಕೆಲಸವೇ ಅದು ಎಂದು ಈಗ ಗೊತ್ತಾಗಿದೆ.

ಈ ಫೆಬ್ರುವರಿಯಲ್ಲಿ ಸಂಘದವರು ಮತ್ತೆ ಹೆಸರು ಕೇಳಿದರು. ಹುನಗುಂದದ ಒಬ್ಬ ಹೆಣ್ಣುಮಗಳು, ಬುದ್ಧಿ ಕಳೆದುಕೊಂಡ ಮಾವನನ್ನು ಏಳು ವರ್ಷದಿಂದ ನೋಡಿಕೊಳ್ಳುತ್ತಾಳೆಂದು ಸುದ್ದಿ ಬಂದಿತ್ತು. ಹೆಸರು ಬರೆಯುವ ಮುನ್ನ ನಾನು ಸಿದ್ದವ್ವನ ಮನೆಗೆ ಹೋದೆ. ಅವಳು ಅತ್ತೆಯ ಹೊರಸಿನ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಸುಲಿಯುವುದನ್ನು ನಿಲ್ಲಿಸಿದಳು.

‘ಆಕಿಗೆ ಏನರ ಬ್ಯಾನಿ ಐತೇನ್ರಿ?’

ನನಗೆ ಗೊತ್ತಿರಲಿಲ್ಲ. ಸಂಘದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವನ ರೋಗದ ವಿವರ ನಮ್ಮ ಹತ್ತಿರ ಒಂದು ಪುಟವಿತ್ತು.

‘ಮೊದಲ ಅದನ್ನ ಕೇಳಿ ಬರ್ರಿ. ಆಕಿ ದವಾಖಾನಿಗೆ ಹೋಗೂದು ಬಂದ್ರ ಆ ಮನ್ಯಾಗ ಯಾರು ಕೂಡ್ತೀರಿ, ಅವರ ಹೆಸರು ಬರ್ಕೊಂಡು ಹೋಗ್ರಿ. ಶಾಲು ಬ್ಯಾಡ್ರಿ ಅಕ್ಕಾರ.’

‘ನಾ ಕೂಡ್ತೇನಿ’ ಎಂದೆ.

‘ಚಲೋ ಆತು’ ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊರಟಾಗ ಬಾಗಿಲತನಕ ಕಳಿಸಲು ಬಂದಳು. ಬೇಡವೆಂದರೂ ಕೇಳಲಿಲ್ಲ. ಎಡಭುಜ ಚೌಕಟ್ಟಿಗೆ ಬಡಿಯಿತು. ಭುಜ ತಿಕ್ಕಿಕೊಳ್ಳುತ್ತ, ‘ಹೊರಗ ಬಂದು ರೂಢಿ ಇಲ್ಲ ನೋಡ್ರಿ’ ಎಂದು ನಕ್ಕಳು.

ಮೈಕಿನಲ್ಲಿ ನಾನು ಆಡಿದ ಮಾತು ಅದು. ಅವಳು ಅದನ್ನು ಮೂರು ವರ್ಷ ನೆನಪಿನಲ್ಲಿ ಇಟ್ಟುಕೊಂಡಿದ್ದಳು.